ಎರಡನೇ ಸಲದ ನೀರು

ನವೆಂಬರ್ ೧೨

ಪ್ರೀತಿಯ ಮಗಳೇ,

ನಾವು ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಅಂತ ನೆಪ ಹೇಳಬಹುದಿತ್ತು, ಆದರೆ ಕಾಗದ ಬರೆಯುವುದು ಮಂಡಿಯಿಂದಲ್ಲವಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೇ.

ಮೊನ್ನೆ ಭಾನುವಾರ ನಮ್ಮ ಚರ್ಚಿನಲ್ಲಿ ಸಭೆಗಳು ಒಂದಾದ ಐಕ್ಯದ ದಿನ. ನಿವೃತ್ತ ಪಾದ್ರಿ ಅಂತ ಈ ಸಲವೂ ನಿಮ್ಮಪ್ಪನಿಂದಲೇ ಚರಿತ್ರೆ ಹೇಳಿಸಿದರು. ನಿನಗೂ ಬಾಯಿಪಾಠವಾದ ಕಥೆಯೇ. ಒಂದೇ ಬೀದಿಯಲ್ಲಿ ಎರಡು ಸಭೆಗಳು. ನಿಮ್ಮಪ್ಪನ ಕಡೆಯವರು ಎಳೆಗೂಸಿನ ತಲೆಗೆ ನೀರು ಹಾಕುವವರು, ನನ್ನ ತವರಿನವರು ಬುದ್ಧಿ ಬಂದ ಮೇಲೆ ಹೊಳೆಯಲ್ಲಿ ಮುಳುಗಿಸುವವರು. ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೆಗಲು ಕೊಡದಷ್ಟು ಹಗೆ. ಕೊನೆಗೆ ಎರಡೂ ಕಡೆಯ ಹಿರಿಯರು ಒಂದೇ ಬೆಂಚಿನಲ್ಲಿ ಕೂತು ಒಪ್ಪಿಕೊಂಡರು: ಹೇಗೆ ಪಡೆದರೂ ದೀಕ್ಷಾಸ್ನಾನ ದೀಕ್ಷಾಸ್ನಾನವೇ, ಯಾರಿಗೂ ಎರಡನೇ ಸಲ ಕೊಡಕೂಡದು. ಆ ಮಾತು ಆಗದಿದ್ದರೆ ನಮ್ಮ ಮದುವೆಯೂ ಇಲ್ಲ, ನೀನೂ ಇಲ್ಲ.

ಆ ಮಾತಿಗೆ ಬಂದಾಗ ನಿಮ್ಮಪ್ಪ ಅರ್ಧಕ್ಕೇ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲೇ ಇಲ್ಲ. ಇಳಿದು ಬಂದು ನನ್ನ ಪಕ್ಕ ಕೂತರು. ಪುಣ್ಯಕ್ಕೆ ಆರ್ಗನ್ ನುಡಿಸುವಾಕೆ ಕೀರ್ತನೆ ಶುರುಮಾಡಿದಳು. ನಿನ್ನ ವಿಷಯ ಯಾರೂ ಎತ್ತಲಿಲ್ಲ, ಎಲ್ಲರಿಗೂ ಗೊತ್ತಿದೆ.

ಮನೆಗೆ ಬಂದ ಮೇಲೆ, "ಅವಳ ದೀಕ್ಷಾಸ್ನಾನಕ್ಕೆ ಹೋಗೋಣ್ವಾ?" ಎಂದು ಕೇಳಿದೆ.

"ಅದು ಯಾವತ್ತೋ ಆಗಿದ್ಯಲ್ಲ. ನಾನೇ ಕೊಟ್ಟಿದ್ದು," ಅಂದರು.

"ಅವಳ ಹೊಸ ಸಭೆಯವ್ರು ಅದು ಲೆಕ್ಕಕ್ಕಿಲ್ಲ ಅಂದ್ರಂತೆ."

ಬೂಟಿನ ದಾರ ಬಿಚ್ಚುತ್ತಿದ್ದವರು ಅಷ್ಟಕ್ಕೇ ಬಿಟ್ಟರು. ಸಂಜೆಯವರೆಗೂ ಬೂಟು ಹಾಕಿಕೊಂಡೇ ಕೂತಿದ್ದರು.

ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಗಂಡನ ಸಭೆಗೆ ಹೋದದ್ದಕ್ಕಲ್ಲ. ನಾನೂ ಹಾಗೆ ಬಂದವಳೇ. ಆದರೆ ಹಳೆಯದನ್ನು ತೊಳೆದುಕೊಂಡು ಬಾ ಎಂದು ನನಗೆ ಯಾರೂ ಹೇಳಲಿಲ್ಲ. ಆದರೂ ಬರುವ ಭಾನುವಾರ ನಾನೊಬ್ಬಳು ಬರುತ್ತೇನೆ. ನೀನು ನೀರಿನಿಂದ ಎದ್ದಾಗ ಟವೆಲ್ ಹಿಡಿಯಲು ಹೆತ್ತವಳು ಇರಬೇಡವೇ? ಚಳಿಗೆ ನಿನಗೆ ಬೇಗ ಕೆಮ್ಮು ಹತ್ತುತ್ತದೆ.

ಕರ್ತನು ನಿನ್ನನ್ನೂ ಅಳಿಯಂದಿರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಅಮ್ಮ

ತಾ.ಕ.: ನಿನ್ನ ಜೊತೆ ಅವಳಿಯಾಗಿ ಹುಟ್ಟಿದ ತಮ್ಮ ಆ ದಿನ ಸಂಜೆಯೇ ತೀರಿಕೊಂಡದ್ದು ನಿನಗೆ ಗೊತ್ತು. ಇದು ಗೊತ್ತಿಲ್ಲ. ಇಬ್ಬರೂ ಉಳಿಯುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದಾಗ ನಿಮ್ಮಪ್ಪ, ನರ್ಸಮ್ಮ ಕುಡಿಯಲು ಇಟ್ಟುಕೊಂಡಿದ್ದ ನೀರಿನ ಲೋಟ ತೆಗೆದುಕೊಂಡು ಮೊದಲು ನಿನಗೆ, ಆಮೇಲೆ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಅದೇ ನೀರು, ಅದೇ ಮಾತು. ನಿನ್ನದು ಲೆಕ್ಕಕ್ಕಿಲ್ಲದಿದ್ದರೆ ನಿನಗೆ ಇನ್ನೊಂದು ಸಿಗುತ್ತದೆ. "ಅವನಿಗೆ ಯಾರು ಕೊಡ್ತಾರೆ?" ಎಂದು ನಿಮ್ಮಪ್ಪ ಕೇಳುತ್ತಿದ್ದಾರೆ.