ಕಾಲೇಜಿನ ಹರವಿ

೨೨ ಆಗಸ್ಟ್ ೧೯೭೮, ಮಂಗಳವಾರ. ಚಿತ್ತಾಪುರ

ನಾಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಯ ಚುನಾವಣೆಗೆ ನನ್ನ ಭಾಷಣ.

ಇವತ್ತು ಕವಾಯತಿನಲ್ಲಿ ಅಮೃತಪ್ಪ ಕುಸಿದು ಬಿದ್ದ. ನಮ್ಮ ಕೇರಿಯ ಹುಡುಗ. ಕಾಲೇಜಿನ ನೀರಿನ ಹರವಿಯನ್ನು, ಆ ದೊಡ್ಡ ಮಣ್ಣಿನ ಗಡಿಗೆಯನ್ನು, ನಮ್ಮ ಜಾತಿಯವರು ಮುಟ್ಟುವಂತಿಲ್ಲ. ಜವಾನ ಮೇಲಿನಿಂದ ಹೊಯ್ದಾಗ ಬೊಗಸೆಯೊಡ್ಡಿ ಕುಡಿಯಬೇಕು. ಎಲ್ಲರೆದುರು ಬೊಗಸೆಯೊಡ್ಡಲಾರದೆ ಅವನು ಸಂಜೆಯವರೆಗೂ ನೀರೇ ಮುಟ್ಟುವುದಿಲ್ಲವಂತೆ. ಥೂ, ಇದೊಂದು ವಿದ್ಯಾಮಂದಿರ!

ನಾಳೆ ಇದನ್ನೇ ಹೇಳುತ್ತೇನೆ ಎಂದೆ.

“ವೋಟ್ ಹೋಗ್ತಾವಲೇ! ಮೊದ್ಲು ಗೆಲ್ಲು, ಆಮ್ಯಾಲ ಕ್ರಾಂತಿ ಮಾಡು,” ಎಂದ ಅಮೀರ್ ಅಲಿ. ನನಗಾಗಿ ಊರೆಲ್ಲ ಪ್ರಚಾರ ಮಾಡುವ ಗೆಳೆಯ. ಅವನಿಗೆ ಬೈದೆ.

ಆದರೆ ಅಮೃತಪ್ಪ ನನ್ನ ಕೈ ಹಿಡಿದುಕೊಂಡ. “ನನ್ನ ಹೆಸರು ತಗೀಬ್ಯಾಡಣ್ಣ. ನೀ ಭಾಷಣ ಮಾಡಿ ಹೋಗ್ತಿ. ಎಲ್ಲಾರೂ ನನ್ನೇ ನೋಡಾಕ ಹತ್ತತಾರ.”



ಹೆಸರು ಹೇಳುವುದಿಲ್ಲ. ಭಾಷಣಕ್ಕೆ ಮೊದಲು ನಾನೇ ಹರವಿಗೆ ಲೋಟ ಅದ್ದಿ ಕುಡಿಯುತ್ತೇನೆ. ನೋಡುವವರು ನನ್ನನ್ನೇ ನೋಡಲಿ. ವೋಟು ಮಣ್ಣುಪಾಲಾಗಲಿ. ಆದರೆ ಮೇಲ್ಜಾತಿಯವರು ಸಿಟ್ಟಿಗೆದ್ದು ಹರವಿಯನ್ನೇ ಒಡೆದರೆ? ನಮ್ಮವರ ಬೊಗಸೆಗೆ ಬೀಳುವ ಆ ನೀರೂ ತಪ್ಪಿದರೆ? ಭಾಳ ಹೆದರಿಕೆಯಾಗುತ್ತಿದೆ. ಆದರೂ ಅದ್ದದೆ ಬಂದರೆ ನಾನು ಅಮೃತಪ್ಪನ ಮುಖ ಹೇಗೆ ನೋಡಲಿ?