ಮೀನಿನ ಮರಿಗಳ ಉಪ್ಪುನೀರು

ಜೂನ್ ೯, ಸೋಮವಾರ.

ಸಮುದ್ರದ ಮೀನಿನ ಮರಿಗಳು ಇವತ್ತು ಬೆಳಿಗ್ಗೆಯೂ ಏನೂ ತಿನ್ನಲಿಲ್ಲ. ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನನ್ನ ಜೀವವೇ ಬಾಯಿಗೆ ಬಂತು. ತೊಟ್ಟಿಯ ನೀರು ಬತ್ತಿದಾಗಲೆಲ್ಲ ಮರೆಯದೆ ಉಪ್ಪುನೀರನ್ನೇ ತುಂಬಿಸುತ್ತೇನೆ. ಇನ್ನೇನು ಬೇಕು ಇವಕ್ಕೆ?

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. "ಅಯ್ಯೋ ಪೆದ್ದೇ! ನೀರು ಬತ್ತಿದ್ರೆ ಉಪ್ಪೂ ಹಾರಿಹೋಗುತ್ತೇನೋ? ಅದು ಅಲ್ಲೇ ಇರುತ್ತೆ. ನೀನು ಮರಿ ಸಾಕ್ತಿಲ್ಲ, ಉಪ್ಪಿನಕಾಯಿ ಹಾಕ್ತಿದೀಯ!"

ಅರ್ಧಕ್ಕೇ ಶಾಲೆ ಬಿಟ್ಟ ತಲೆಗೆ ಇದು ಹೊಳೆಯಲೇ ಇಲ್ಲ. ಸಿಹಿನೀರನ್ನು ಒಮ್ಮೆಲೇ ಸುರಿದರೂ ಸಾಯುತ್ತವಂತೆ. ಸಂಜೆಯೆಲ್ಲ ಲೋಟ ಹಿಡಿದು ತೊಟ್ಟುತೊಟ್ಟಾಗಿ ಬಿಟ್ಟೆ.

ಆಗಲೇ ಒಂದು ಮರಿ ತಿಂದಿತು, ಆಮೇಲೆ ಎಲ್ಲವೂ. ಹೊಟ್ಟೆಬಾಕರ ಹಾಗೆ ಮುಗಿಬಿದ್ದು ತಿಂದವು. ಅಬ್ಬಾ, ಬದುಕಿಕೊಂಡೆ.

ಆದರೆ ಇಷ್ಟೊಂದು ತಿಂದರೆ ಅಜೀರ್ಣವಾಗುವುದಿಲ್ಲವೇ? ಅಕ್ಕನನ್ನು ಎಬ್ಬಿಸಿ ಕೇಳಲೇ? ಬೇಡ, ಬೈಯುತ್ತಾಳೆ. ಆದರೂ ಒಂದೇ ಒಂದು ಸಲ ಕೇಳಿಬಿಡುತ್ತೇನೆ.