ಏಳೂವರೆ ಸಾವಿರದ ಮೌತ್‌ಗಾರ್ಡ್

ಮಾರ್ಚ್ 3, ಸೋಮವಾರ

ಇವತ್ತು ಹದಿನಾಲ್ಕು ಅಚ್ಚು. ಪ್ಲಾಸ್ಟರ್ ಧೂಳು ಕಿವಿಯೊಳಗೂ ಹೊಕ್ಕಿದೆ. ಮನೆಗೆ ಬಂದರೆ ಮಗಳ ಹೊಸ ರಾಗ — ಹಲ್ಲಿಗೆ ತೊಡುವ ಮೌತ್‌ಗಾರ್ಡ್ ಇಲ್ಲದೆ ಇಪ್ಪತ್ತಮೂರನೇ ತಾರೀಖಿನ ಸೆಲೆಕ್ಷನ್ ಮ್ಯಾಚಿಗೆ ಇಳಿಸುವುದಿಲ್ಲವಂತೆ ಹಾಕಿ ಕೋಚ್. ಒಳ್ಳೆಯದೇ. ಕಳೆದ ವರ್ಷ ಅವಳ ಗೆಳತಿಯ ಮುಂದಿನ ಹಲ್ಲನ್ನು ಮೈದಾನದಲ್ಲೆಲ್ಲ ಹುಡುಕಿದ್ದೆವು.

ಅಂಗಡಿಯದು ನಡೆಯುವುದಿಲ್ಲ, ಅಳತೆಗೆ ಮಾಡಿಸಿದ್ದೇ ಆಗಬೇಕಂತೆ. ನಕ್ಕುಬಿಟ್ಟೆ. ಹನ್ನೊಂದು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಮಾಡುತ್ತಿರುವುದು ಇನ್ನೇನು? ಡಾಕ್ಟರುಗಳು ಅಳತೆ ಕಳಿಸುತ್ತಾರೆ. ಹಲ್ಲುಸೆಟ್ಟು, ಕ್ಯಾಪು, ಗಾರ್ಡು ಎಲ್ಲ ಆಗುವುದು ನಮ್ಮ ಬೆಂಚಿನ ಮೇಲೆ.

ಮಾರ್ಚ್ 8, ಶನಿವಾರ

ನಿನ್ನೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದೆ. "ವಾಂತಿ ಬರುತ್ತಮ್ಮಾ" ಅಂತ ಕಾಲು ಬಡಿದಳು. ಇವತ್ತು ಲ್ಯಾಬ್ ಓನರನ್ನು ಕೇಳಿ, ಪ್ಲಾಸ್ಟಿಕ್ ಶೀಟಿನ ದುಡ್ಡು ಕೊಟ್ಟು, ಕೆಲಸ ಮುಗಿದ ಮೇಲೆ ಅಚ್ಚು ಹೊಯ್ದು ಅಲ್ಲಿನ ಪ್ರೆಸ್ಸಿನಲ್ಲೇ ಗಾರ್ಡ್ ಒತ್ತಿದೆ. ನೀಲಿ ಬಣ್ಣ. ಬಲಗಡೆ ಹಿಂದೆ ಚುಚ್ಚುತ್ತದೆ ಅಂದಳು. ಅಲ್ಲಿ ಉಗುರಿನಷ್ಟು ಕತ್ತರಿಸಿ ನಯ ಮಾಡಿದೆ. ಈಗ ಹಾಕಿಕೊಂಡಿದ್ದೇ ಗೊತ್ತಾಗುವುದಿಲ್ಲವಂತೆ. ಹಾಕಿಕೊಂಡೇ ಟಿವಿ ನೋಡಿದಳು.

ಮಾರ್ಚ್ 11

ಕೋಚ್ ಒಪ್ಪಲಿಲ್ಲ. "ಚೆನ್ನಾಗೇ ಇದೆಯಮ್ಮಾ, ಆದ್ರೆ ಡಾಕ್ಟರ್ ಲೆಟರ್ ಬೇಕು. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ." ಅವರ ಮಾತೂ ತಪ್ಪಲ್ಲ. ಆದರೂ ಮೈಯೆಲ್ಲ ಉರಿಯಿತು.

ಮಾರ್ಚ್ 12, ಸಂಜೆ 7

ನಮ್ಮ ಲ್ಯಾಬಿಗೆ ಕೆಲಸ ಕಳಿಸುವ ಡಾಕ್ಟರ ಹತ್ತಿರವೇ ಹೋದೆವು. ಒಳ್ಳೆಯ ಕೆಲಸ ನೋಡಿದರೆ ಗೊತ್ತಾಗುತ್ತದೆ, ಲೆಟರ್ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಎರಡು ಬೆರಳಲ್ಲಿ ಎತ್ತಿ ನೋಡಿದರು. "ಎಲ್ಲಿ ತಗೊಂಡ್ರಿ ಇದನ್ನ? ಆನ್‌ಲೈನಾ? ಲೋಕಲ್ ಮಾಲು. ಎಸೀರಿ."

ನಾನೇ ಮಾಡಿದ್ದು ಅನ್ನಲು ಹೊರಟೆ. ಓನರ್ ಮುಖ ಕಣ್ಮುಂದೆ ಬಂತು — ಲ್ಯಾಬಿನ ಅರ್ಧ ಕೆಲಸ ಇವರದೇ. ನುಂಗಿಕೊಂಡೆ. ಹನ್ನೊಂದು ವರ್ಷ ಇವರ ಕೋಳಿಕಾಲಿನ ಅಕ್ಷರ ಓದಿದ್ದೇನೆ. ಇವರು ನನ್ನ ಮುಖ ನೋಡಿದ್ದು ಇವತ್ತೇ.

ಅವರಲ್ಲೇ ಹೊಸದು ಮಾಡಿಸಿದರೆ ಮಾತ್ರ ಲೆಟರಂತೆ. ಅಳತೆ ತೆಗೆದದ್ದು ಐದು ನಿಮಿಷ. ಬಿಲ್ ಏಳೂವರೆ ಸಾವಿರ! "ಕಸ್ಟಮ್ ಅಲ್ವಾ ಮೇಡಂ" ಅಂದಳು ಕೌಂಟರಿನವಳು. ಅದರಲ್ಲಿ ಲ್ಯಾಬಿಗೆ ಬರುವುದು ಎಂಟುನೂರು. ನನಗೆ ಗೊತ್ತಿಲ್ಲವೇ? ವಾಷಿಂಗ್ ಮಶೀನಿಗೆ ಅಂತ ಕೂಡಿಟ್ಟದ್ದು ಹೋಯಿತು.

ಮಾರ್ಚ್ 14

ಡಾಕ್ಟರು ತೆಗೆದ ಅಳತೆಯ ಡಬ್ಬಿ ಬಂತು. ನನ್ನ ಬೆಂಚಿಗೇ. ಚೀಟಿಯ ಮೇಲೆ ಮಗಳ ಹೆಸರು, ವಯಸ್ಸು ಹದಿನೈದು. ಅಚ್ಚು ಹೊಯ್ದೆ. ಎಡಗಡೆಯ ಕೋರೆಹಲ್ಲು ಚೂರು ತಿರುಗಿದೆ, ಅವಳಪ್ಪನ ಬಳುವಳಿ.

ಹೊಸ ಶೀಟಿಗೆ ಕೈಹಾಕಿದವಳು ನಿಂತೆ. ಬ್ಯಾಗಿನಿಂದ ಆ "ಲೋಕಲ್ ಮಾಲು" ತೆಗೆದು ಅಚ್ಚಿನ ಮೇಲಿಟ್ಟೆ. ಟಕ್ ಅಂತ ಕೂತಿತು. ಕೂದಲೆಳೆ ಸಂದಿಲ್ಲ. ತೊಳೆದು, ಪಾಲಿಶ್ ಮಾಡಿ, ಅದನ್ನೇ ಡಬ್ಬಿಗೆ ಹಾಕಿದೆ.

ಮನೆಯವರಿಗೆ ಹೇಳಿದರೆ ನಗು. "ನಿನ್ನ ಅಂಗಡಿಗೆ ನೀನೇ ಗಿರಾಕಿ." ಎರಡು ದಿನ ಅವರನ್ನು ಮಾತಾಡಿಸುವುದಿಲ್ಲ.

ಮಾರ್ಚ್ 18

ಡಾಕ್ಟರು ತಾವೇ ಹಾಕಿ ನೋಡಿದರು. "ಈಗ ಹೇಳು ಪುಟ್ಟಾ, ಆ ಲೋಕಲ್ ಮಾಲಿಗೂ ಇದಕ್ಕೂ ಎಷ್ಟು ವ್ಯತ್ಯಾಸ!"

ಮಗಳ ನಾಲಿಗೆ ಬಲಗಡೆ ಹಿಂದಕ್ಕೆ ಹೋಯಿತು. ನಾನು ಕತ್ತರಿಸಿದ ಜಾಗ ಸಿಕ್ಕಿತು. ಕಣ್ಣರಳಿಸಿ ನನ್ನ ಕಡೆ ನೋಡಿದಳು. ಸುಮ್ಮನಿರು ಅಂತ ಅವಳ ಮೊಣಕೈ ಚಿವುಟಿದೆ. ಲೆಟರಿನಲ್ಲಿ "ನಮ್ಮಲ್ಲೇ ತಯಾರಾದದ್ದು" ಅಂತ ಬರೆದಿದ್ದಾರೆ. ನಮ್ಮಲ್ಲೇ ಅಂತೆ!

ಬಸ್ಸಿನಲ್ಲಿ ಅವಳು ನಕ್ಕಿದ್ದೇ ನಕ್ಕಿದ್ದು. ನನಗೆ ಅಳು ಬಂತು.

"ಯಾಕಮ್ಮಾ ಹೇಳ್ಲಿಲ್ಲ?"

"ನೀನು ಆಡ್ಬೇಕಲ್ಲ, ಅದಕ್ಕೆ."

ನಗು ನಿಂತಿತು. ಕಿಟಕಿಯಾಚೆ ನೋಡುತ್ತ ಕೂತಳು.

ಮಾರ್ಚ್ 23, ಭಾನುವಾರ, ಸಂಜೆ 6

ಆಡಿದಳು. ಸೆಕೆಂಡ್ ಹಾಫಿನಲ್ಲಿ ಎದುರಿನವಳ ಸ್ಟಿಕ್ ನೇರ ಬಾಯಿಗೆ. ನಾನು ಬೇಲಿ ಹೇಗೆ ದಾಟಿದೆನೋ. ತುಟಿ ಒಡೆದು ರಕ್ತ. ಬೆರಳು ಹಾಕಿ ಒಂದೊಂದೇ ಮುಟ್ಟಿ ನೋಡಿದೆ... ಒಂದು ಹಲ್ಲೂ ಅಲ್ಲಾಡಿಲ್ಲ.

ಕೋಚ್ ಗಾರ್ಡನ್ನು ಎತ್ತಿ ಹಿಡಿದು ಉಳಿದ ಹುಡುಗಿಯರ ಅಪ್ಪ ಅಮ್ಮಂದಿರಿಗೆ ತೋರಿಸಿದರು. "ನೋಡಿ, ಎಲ್ಲರೂ ಆ ಡಾಕ್ಟರ್ ಹತ್ರಾನೇ ಮಾಡಿಸ್ಕೊಳ್ಳಿ."

ಮಗಳು ಊದಿದ ತುಟಿಯಲ್ಲೇ ಅಂದಳು, "ಅದು ಅಮ್ಮ ಮಾಡಿದ್ದು ಸರ್. ನೀವು ಬೇಡ ಅಂದ್ರಲ್ಲ, ಅದೇ."

"ಹೌದೇನಮ್ಮಾ?"

ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಹೇಳಿಬಿಟ್ಟೆ. ಸ್ಟೂಲು, ಪ್ರೆಸ್ಸು, ಎಂಟುನೂರು, ಏಳೂವರೆ ಸಾವಿರ, ಎಸೀರಿ ಅಂದದ್ದು — ಎಲ್ಲ, ಗಂಟಲು ಬಿಚ್ಚಿ. ಕೋಚ್ ಫೈಲಿನಲ್ಲಿದ್ದ ಲೆಟರನ್ನೊಮ್ಮೆ ನೋಡಿದರು, ಗಾರ್ಡನ್ನೊಮ್ಮೆ ನೋಡಿದರು.

6.40

ಸೆಲೆಕ್ಷನ್ ಲಿಸ್ಟ್ ಇನ್ನೂ ಬಂದಿಲ್ಲ. ಫೋನ್ ಬಡಿದುಕೊಳ್ಳುತ್ತಿದೆ. ಓನರ್. ಭಾನುವಾರ ಯಾವತ್ತೂ ಫೋನ್ ಮಾಡಿದವರಲ್ಲ. ಡಾಕ್ಟರಿಗೆ ಸುದ್ದಿ ಮುಟ್ಟಿರಬೇಕು. ಮಗಳು ತುಟಿಗೆ ಐಸ್ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಎತ್ತುತ್ತೇನೆ. ಹೌದು ಸಾರ್, ಅವರ ಡಬ್ಬಿಗೆ ಹಾಕಿದ್ದು ಅವತ್ತು ನಾನು ಮಾಡಿದ್ದನ್ನೇ ಅಂತ ಇವರಿಗೂ —